ಸೆಲ್ಫ್ ಚೆಕ್‌ಔಟ್ ಯಂತ್ರ ಹಳೆಯ ಪುಸ್ತಕಗಳನ್ನು ಗುರುತಿಸುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಪದವಿ ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕಗಳ ದಾಖಲೆ, ಎರವಲು ನೋಡಿಕೊಳ್ಳುವ ಕೋಹಾ ತಂತ್ರಾಂಶವಿದೆ. ವಿದ್ಯಾರ್ಥಿಗಳೇ ಪುಸ್ತಕ ಎರವಲು ಪಡೆಯಲೆಂದು ಒಂದು ಕಂಪ್ಯೂಟರಿನಲ್ಲಿ ಸೆಲ್ಫ್ ಚೆಕ್‌ಔಟ್ ಪುಟ ತೆರೆದು ಸ್ಕ್ಯಾನರ್ ಜೋಡಿಸಿದ್ದೇವೆ. ಹೊಸ ಪುಸ್ತಕಗಳಿಗೆ ತೊಂದರೆಯಿಲ್ಲ. ಹಳೆಯವುಗಳಲ್ಲಿ ಹಲವನ್ನು ಸ್ಕ್ಯಾನ್ ಮಾಡಿದರೆ ಅಂಥ ಪುಸ್ತಕವೇ ಇಲ್ಲ ಎನ್ನುತ್ತದೆ. ಕೌಂಟರಿನಲ್ಲಿ ಶೀರ್ಷಿಕೆ ಹಾಕಿ ಹುಡುಕಿದರೆ ಸಿಗುತ್ತದೆ! ಹೊಸ ಸ್ಕ್ಯಾನರ್ ಕೊಳ್ಳಿ ಎಂದು ಮಾರಾಟಗಾರರು ಹೇಳುತ್ತಿದ್ದಾರೆ.

ಉತ್ತರ: ಕೊಳ್ಳಬೇಡಿ ಮೇಡಂ. ಸ್ಕ್ಯಾನರ್ ಕಳುಹಿಸಿದ ಅಂಕಿಗಳು ಐಟಂ ದಾಖಲೆಯ ಬಾರ್‌ಕೋಡ್ ಅಂಕಣದಲ್ಲಿ, ಅಂದರೆ ದಾಖಲೆಯ 952 ಎಂಬ ಕ್ಷೇತ್ರದ ಪಿ ಉಪಕ್ಷೇತ್ರದಲ್ಲಿ, ಇದ್ದಂತೆಯೇ ಇವೆಯೇ ಎಂದಷ್ಟೇ ಕೋಹಾ ನೋಡುತ್ತದೆ. ಒಂದು ಸೊನ್ನೆ ತಪ್ಪಿದರೂ ಅದರ ಪಾಲಿಗೆ ಆ ಪುಸ್ತಕ ಇಲ್ಲ.

ಮೊದಲು ನೋಟ್‌ಪ್ಯಾಡ್ ತೆರೆದು, ತಕರಾರು ಮಾಡುವ ಪುಸ್ತಕವೊಂದನ್ನು ಅದರೊಳಕ್ಕೆ ಸ್ಕ್ಯಾನ್ ಮಾಡಿ. ಬಂದದ್ದನ್ನು ದಾಖಲೆಯ ಪಕ್ಕದಲ್ಲಿಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿ. ಕೊನೆಯಲ್ಲಿ ಒಂದು ಅಕ್ಷರ ಹೆಚ್ಚಿಗೆ ಬಂದರೆ ಅದು ಕೋಡ್ 39 ಎಂಬ ಬಾರ್‌ಕೋಡ್ ಮಾದರಿಯ ತಾಳೆ ಅಕ್ಷರ, ಅಂದರೆ ಓದಿದ್ದು ಸರಿಯೇ ಎಂದು ಪರೀಕ್ಷಿಸುವ ಅಕ್ಷರ, ಇರಬಹುದು. ಎರಡು ತುದಿಗಳಲ್ಲಿ ನಕ್ಷತ್ರ ಚಿಹ್ನೆ ಬಂದರೆ ಅದು ಆರಂಭ, ಅಂತ್ಯದ ಗುರುತು. ಎರಡನ್ನೂ ಕಳುಹಿಸದಂತೆ ಮಾಡುವ ಸಂಕೇತಗಳು ಸ್ಕ್ಯಾನರಿನ ಕೈಪಿಡಿಯಲ್ಲೇ ಅಚ್ಚಾಗಿರುತ್ತವೆ, ಸ್ಕ್ಯಾನ್ ಮಾಡಿದರೆ ಸಾಕು.

ಆದರೆ ಹಳೆಯ ಪುಸ್ತಕಗಳು ಮಾತ್ರ ಎನ್ನುತ್ತಿದ್ದೀರಿ. ನನ್ನ ಅನುಮಾನ ಎಕ್ಸೆಲ್ ಮೇಲೆ.

ಪ್ರಶ್ನೆ: ನೋಡಿದೆ ಸರ್. ನೋಟ್‌ಪ್ಯಾಡಿನಲ್ಲಿ 004521 ಬರುತ್ತಿದೆ, ದಾಖಲೆಯಲ್ಲಿ 4521 ಇದೆ.

ಉತ್ತರ: ಅದೇ. ಹಳೆಯ ಅಕ್ಸೆಷನ್ ರಿಜಿಸ್ಟರನ್ನು, ಅಂದರೆ ಬಂದ ಪುಸ್ತಕಗಳಿಗೆ ಕ್ರಮವಾಗಿ ಸಂಖ್ಯೆ ಕೊಟ್ಟು ಬರೆದಿಡುವ ಪುಸ್ತಕವನ್ನು, ಯಾರೋ ಎಕ್ಸೆಲ್‌ಗೆ ಏರಿಸಿ ಅಲ್ಲಿಂದ ಕೋಹಾಕ್ಕೆ ತಂದಿದ್ದಾರೆ. ಅಂಕಣವನ್ನು ‘ಪಠ್ಯ’ ಎಂದು ಗುರುತಿಸದಿದ್ದರೆ ಎಕ್ಸೆಲ್ ಅದನ್ನು ಸಂಖ್ಯೆಯೆಂದು ಭಾವಿಸಿ ಎಡಗಡೆಯ ಸೊನ್ನೆಗಳನ್ನೆಲ್ಲ ನುಂಗಿಬಿಡುತ್ತದೆ. ಅಂಟಿಸಿದ ಲೇಬಲ್‌ಗಳನ್ನು ಕೀಳಲು ಹೋಗಬೇಡಿ, ದಾಖಲೆಯನ್ನು ತಿದ್ದಿಸಿ. ದತ್ತಾಂಶದ ಪ್ರತಿ ತೆಗೆದಿಟ್ಟುಕೊಂಡ ಮೇಲೆ, ಆರು ಅಂಕಿಗಿಂತ ಕಡಿಮೆ ಇರುವವಕ್ಕೆ ಸೊನ್ನೆ ತುಂಬಿಸುವುದು ಡೇಟಾಬೇಸ್ ಬಲ್ಲವರಿಗೆ ಒಂದೇ ಆಜ್ಞೆಯ ಕೆಲಸ. ಒಂದೇ ಬಾರ್‌ಕೋಡ್ ಎರಡು ಐಟಂಗಳಿಗಿರಲು ಕೋಹಾ ಬಿಡುವುದಿಲ್ಲ. ಹಾಗಾಗಿ 004521 ಬೇರೆ ಪುಸ್ತಕಕ್ಕೆ ಈಗಾಗಲೇ ಇದೆಯೇ ಎಂದು ಮುಂಚೆಯೇ ನೋಡಿಸಿ.

ಮತ್ತೊಬ್ಬ ಸದಸ್ಯರು: ನಮ್ಮಲ್ಲಿ ಹುಡುಗರು ನಮ್ಮ ಲೇಬಲ್ ಬಿಟ್ಟು ಹಿಂಬದಿಯಲ್ಲಿ ಪ್ರಕಾಶಕರು ಅಚ್ಚು ಹಾಕಿದ ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಸಂಖ್ಯೆ) ಬಾರ್‌ಕೋಡ್ ಪಟ್ಟಿಯನ್ನೇ ಸ್ಕ್ಯಾನ್ ಮಾಡುತ್ತಾರೆ. ಐಎಸ್‌ಬಿಎನ್ನನ್ನೇ ಬಾರ್‌ಕೋಡ್ ಆಗಿ ಹಾಕಿಬಿಡಬಹುದೇ?

ಉತ್ತರ: ಖಂಡಿತ ಬೇಡ ಸರ್. ಒಂದು ಪಠ್ಯಪುಸ್ತಕದ ಹತ್ತು ಪ್ರತಿಗಳಿಗೂ ಐಎಸ್‌ಬಿಎನ್ ಒಂದೇ. ಯಾವ ಪ್ರತಿ ಯಾರ ಮನೆಯಲ್ಲಿದೆ ಎಂದು ಹೇಗೆ ತಿಳಿಯುತ್ತದೆ? ಪ್ರಕಾಶಕರ ಪಟ್ಟಿ ಇಎಎನ್-13 ಎಂಬ ಬೇರೆ ಬಾರ್‌ಕೋಡ್ ಮಾದರಿಯದು. ನಿಮ್ಮ ಲೇಬಲ್, ವಿದ್ಯಾರ್ಥಿಗಳ ಕಾರ್ಡು ಎರಡೂ ಕೋಡ್ 39 ಅಥವಾ ಕೋಡ್ 128 ಆಗಿದ್ದರೆ, ಆ ಒಂದು ಸ್ಕ್ಯಾನರಿನಲ್ಲಿ ಇಎಎನ್-13 ಓದುವುದನ್ನೇ ನಿಲ್ಲಿಸಿ. ಹಿಂಬದಿ ತೋರಿಸಿದರೆ ಸದ್ದೇ ಬರುವುದಿಲ್ಲ; ಹುಡುಗರು ತಾವಾಗಿಯೇ ಪುಸ್ತಕ ತಿರುಗಿಸುತ್ತಾರೆ. ಕೌಂಟರಿನ ಸ್ಕ್ಯಾನರನ್ನು ಮಾತ್ರ ಮುಟ್ಟಬೇಡಿ, ಕ್ಯಾಟಲಾಗ್ ಮಾಡುವಾಗ ಐಎಸ್‌ಬಿಎನ್ ಬೇಕಾಗುತ್ತದೆ.

ಇನ್ನೊಬ್ಬರು: ಕನ್ನಡ ಪುಸ್ತಕಗಳಿಗೆ ನಮ್ಮ ರಿಜಿಸ್ಟರಿನಲ್ಲಿ ‘ಕ’ ಸೇರಿಸಿ ಸಂಖ್ಯೆ ಕೊಟ್ಟಿದ್ದಾರೆ.

ಉತ್ತರ: ರಿಜಿಸ್ಟರಿನಲ್ಲಿ ಇರಲಿ, ಚೆಂದವಾಗಿಯೇ ಇದೆ. ಕೋಡ್ 39ರಲ್ಲಿರುವುದು 43 ಚಿಹ್ನೆಗಳು: ಇಂಗ್ಲಿಷಿನ ದೊಡ್ಡ ಅಕ್ಷರ, ಅಂಕಿ, ಕೆಲವು ಗುರುತು. ‘ಕ’ ಅದರಲ್ಲಿ ಹಿಡಿಸದು. ಬಾರ್‌ಕೋಡಿಗೆ ಬರಿಯ ಅಂಕಿಗಳ ಬೇರೆ ಸರಣಿ ಕೊಡಿ.

ಪ್ರಶ್ನೆ: ಮುಂದಿನ ವರ್ಷ ಆರ್‌ಎಫ್‌ಐಡಿ, ಅಂದರೆ ರೇಡಿಯೊ ಅಲೆಯಿಂದ ಓದುವ ಚಿಪ್ ಇರುವ ಟ್ಯಾಗ್, ಬರಲಿದೆ ಸರ್. ಆಗ ಈ ರಗಳೆ ಇರುವುದಿಲ್ಲವಲ್ಲ?

ಉತ್ತರ: ಇರುತ್ತದೆ ಮೇಡಂ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಟ್ಯಾಗ್ ಓದುವ ಸೆಲ್ಫ್ ಚೆಕ್‌ಔಟ್ ಯಂತ್ರ ಸಾಮಾನ್ಯವಾಗಿ ಸಿಪ್-2 (ಇಂಥ ಯಂತ್ರಗಳು ಗ್ರಂಥಾಲಯ ತಂತ್ರಾಂಶದೊಡನೆ ಮಾತಾಡುವ ನಿಯಮಾವಳಿ) ಸಂದೇಶದ ಎಬಿ ಎಂಬ ಕ್ಷೇತ್ರದಲ್ಲಿ ಪುಸ್ತಕದ ಗುರುತನ್ನು ಕೋಹಾಕ್ಕೆ ಕಳುಹಿಸುತ್ತದೆ. ಅಲ್ಲಿಗೆ ಹೋಗಬೇಕಾದದ್ದು ಇದೇ 004521. ಕೆಲವರು ಚಿಪ್ಪಿನ ಕ್ರಮಸಂಖ್ಯೆಯನ್ನೇ ಗುರುತಾಗಿ ಬಳಸಿ ಕೆಲಸ ಮುಗಿಸುತ್ತಾರೆ. ಟ್ಯಾಗ್ ಹರಿದು ಹೊಸದು ಹಚ್ಚಿದ ದಿನ ಆ ಪುಸ್ತಕ ಮತ್ತೆ ಅನಾಥ. ಗ್ರಂಥಾಲಯದ ಆರ್‌ಎಫ್‌ಐಡಿ ಟ್ಯಾಗ್‌ಗಳ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 28560ರ ಪ್ರಕಾರ ಟ್ಯಾಗಿನೊಳಗೆ ನಮ್ಮ ಬಾರ್‌ಕೋಡ್ ಸಂಖ್ಯೆಯನ್ನೇ ಬರೆದುಕೊಡಬೇಕೆಂದು ಟೆಂಡರಿನಲ್ಲಿ ಹಾಕಿಸಿ. ಸೊನ್ನೆ ತುಂಬಿಸುವ ಕೆಲಸ ಮಾತ್ರ ಅದಕ್ಕೂ ಮುಂಚೆ ಮುಗಿದಿರಲಿ.