ಕ್ಷಿಪಣಿಗೆ ‘ವ್ಯಾಪ್ತಿ’ಯೋ, ‘ನಿಲುಕೋ’?

ಬಳಗದವರಿಗೆ ನಮಸ್ಕಾರ.

ಗದಗಿನ ನಮ್ಮ ಪ್ರೌಢಶಾಲೆಯ ಗೋಡೆಪತ್ರಿಕೆಗೆ ಯುದ್ಧವಿಮಾನಗಳ ಮೇಲೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಎರಡು ದಿನದಿಂದ ಒಂದೇ ಪದದ ಹತ್ತಿರ ನಿಂತಿದ್ದೇನೆ. ಯುದ್ಧವಿಮಾನದಿಂದ ವೈರಿಯ ವಿಮಾನದ ಮೇಲೆ ಬಿಡುವ ನಮ್ಮ ದೇಶದ ಕ್ಷಿಪಣಿ ಅಸ್ತ್ರ. ‘ಅಸ್ತ್ರ ಕ್ಷಿಪಣಿಯ ವ್ಯಾಪ್ತಿ ಸುಮಾರು 100 ಕಿ.ಮೀ.’ ಎಂದು ಎಲ್ಲರಂತೆ ನಾನೂ ಬರೆದಿದ್ದೆ. ಕರಡು ಓದಿದ ಒಂಬತ್ತನೆಯ ತರಗತಿಯ ಹುಡುಗಿ ಕೇಳಿದಳು: ‘ಸರ್, ಅಷ್ಟು ದೂರದಿಂದ ಹೊಡೆಯುವುದಾದರೆ ವಿಮಾನ ಎತ್ತರಕ್ಕೇರಿ ಅಷ್ಟು ಜೋರಾಗಿ ಏಕೆ ಹಾರಬೇಕು?’

ಅವಳನ್ನು ದಾರಿ ತಪ್ಪಿಸಿದ್ದು ನನ್ನ ಪದ. ಠಾಣೆಯ ವ್ಯಾಪ್ತಿ, ಪಂಚಾಯಿತಿಯ ವ್ಯಾಪ್ತಿ ಎಂದಾಗ ಗೆರೆ ಎಳೆದಿಟ್ಟ ಜಾಗ ಕಣ್ಣಿಗೆ ಬರುತ್ತದೆ. ಕ್ಷಿಪಣಿಗೆ ಅಂಥ ಗೆರೆ ಇಲ್ಲ. ಅದರ ರಾಕೆಟ್ ಉರಿಯುವುದು ಕೆಲವೇ ಸೆಕೆಂಡು; ಉಳಿದದ್ದೆಲ್ಲ ಆ ಹೊತ್ತಿಗೆ ಗಳಿಸಿದ ವೇಗದ ಮೇಲಿನ ಓಟ. ಎತ್ತರದಲ್ಲಿ ಗಾಳಿ ತೆಳು. ಅಲ್ಲಿಂದ ವೇಗವಾಗಿ ಹಾರುತ್ತ ಸುಖೋಯ್-30 ಯುದ್ಧವಿಮಾನ ಬಿಟ್ಟ ಅಸ್ತ್ರ ಬಹುದೂರ ಹೋಗುತ್ತದೆ. ಅದನ್ನೇ ತಗ್ಗಿನಲ್ಲಿ, ನಿಧಾನವಾಗಿ ಹಾರುತ್ತ ಬಿಟ್ಟರೆ ಬೇಗ ಕಸುವು ಕಳೆದುಕೊಳ್ಳುತ್ತದೆ. ವೈರಿ ಎದುರಿಗೆ ಬರುತ್ತಿದ್ದರೆ ಸಿಗುವ ದೂರ, ಅವನು ಬೆನ್ನು ತಿರುಗಿಸಿ ಓಡಿದರೆ ಎಷ್ಟೋ ಕುಗ್ಗುತ್ತದೆ.

ನಮ್ಮ ಎರೆಹೊಲಗಳಲ್ಲಿ ಜೋಳ ಸೀತನಿಗೆ (ಎಳೆ ಕಾಳಿಗೆ) ಬಂದಾಗ ಅಟ್ಟಣಿಗೆ ಕಟ್ಟಿ, ಮೇಲೆ ನಿಂತು ಕವಣೆ ಬೀಸುತ್ತಿದ್ದರು. ಅದೇ ಕವಣೆ, ಅದೇ ಕಲ್ಲು. ನೆಲದಲ್ಲಿ ನಿಂತು ಬೀಸಿದರೆ ಹೊಲದ ಅಂಚಿನ ಗಿಳಿಗಳಿಗೆ ಮುಟ್ಟುತ್ತಿರಲಿಲ್ಲ. ನಮ್ಮ ತಂದೆಯವರು ಆಗ ‘ಅದು ನಿಲುಕಿಗೆ ಇಲ್ಲ’ ಎನ್ನುತ್ತಿದ್ದರು. ಹುಡುಗಿಗೆ ಇದನ್ನು ಹೇಳಿದೊಡನೆ, ‘ಹಾಗಾದರೆ ವಿಮಾನವೇ ಅಟ್ಟಣಿಗೆ’ ಎಂದಳು.

ಆದ್ದರಿಂದ ‘ವ್ಯಾಪ್ತಿ’ ಬಿಟ್ಟು ‘ನಿಲುಕು’ ಎಂದು ಬರೆಯಬೇಕೆಂದಿದ್ದೇನೆ. ನಿಲುಕು ಎಂದೊಡನೆ ಯಾರ ನಿಲುಕು, ಎಲ್ಲಿಂದ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಕ್ಷಿಪಣಿ, ಅಸ್ತ್ರ ಎಂಬ ಪದಗಳಲ್ಲೂ ಎಸೆಯುವ ಅರ್ಥವೇ ಇದೆ. ಎಸೆಯುವವನನ್ನು ಮರೆಸುವ ಪದ ಅವುಗಳ ಜೊತೆಗೆ ಹೊಂದುವುದಿಲ್ಲ.

ಇನ್ನೊಂದು ತೊಡಕಿದೆ. ವೈರಿ ಹೇಗೆ ತಿರುಗಿ ಓಡಿದರೂ ಪಾರಾಗಲಾರದಷ್ಟು ಹತ್ತಿರದ ದೂರಕ್ಕೆ ಬೇರೆ ಹೆಸರು ಬೇಕು. ಯುರೋಪಿನ ಮೀಟಿಯೋರ್ ಕ್ಷಿಪಣಿಯ ಎಂಜಿನ್ ಹೊರಗಿನ ಗಾಳಿಯನ್ನು ಎಳೆದುಕೊಂಡು ಹೆಚ್ಚು ಹೊತ್ತು ಉರಿಯುವುದರಿಂದ ಅದಕ್ಕೆ ಈ ದೂರ ದೊಡ್ಡದು. ‘ತಪ್ಪಿಸಿಕೊಳ್ಳಲಾಗದ ವಲಯ’ ಎಂಬುದು ಬಾಯಿಗೆ ಭಾರ. ‘ಗಟ್ಟಿ ನಿಲುಕು’ ಎಂದರೆ ನಡೆದೀತೇ? ಮೈಸೂರು, ಮಂಗಳೂರು ಕಡೆಯ ಓದುಗರಿಗೆ ‘ನಿಲುಕು’ ಹೀಗೆ ನಾಮಪದವಾಗಿ ಪರಿಚಿತವೇ, ಇಲ್ಲವೆ ‘ಎಟುಕು’ ಹೆಚ್ಚು ಹತ್ತಿರವೇ? ದಯವಿಟ್ಟು ನಿಮ್ಮ ಊರಿನ ಬಳಕೆಯ ವಾಕ್ಯದೊಂದಿಗೆ ತಿಳಿಸಿ.