‘ಬಂದಿದೆ’, ‘ಬಂತು’: ಕರ್ನಲ್ ಕೊಡುವ ಸೂಚನೆಗೆ ಯಾವ ಪದ?

ಗೆಳೆಯರೇ,

ಆಪರೇಟಿಂಗ್ ಸಿಸ್ಟಮ್ ಬಗ್ಗೆ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ‘ಲೆವೆಲ್ ಟ್ರಿಗರ್ಡ್’, ‘ಎಡ್ಜ್ ಟ್ರಿಗರ್ಡ್’ ಎಂಬ ಎರಡು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ವಿಷಯ ಇಷ್ಟು. ಒಂದು ಸರ್ವರ್ ಸಾವಿರಾರು ಸಾಕೆಟ್‌ಗಳನ್ನು (ನೆಟ್‌ವರ್ಕ್ ಸಂಪರ್ಕದ ತುದಿಗಳನ್ನು) ತೆರೆದಿಟ್ಟುಕೊಂಡಿರುತ್ತದೆ. ಯಾವುದರಲ್ಲಿ ಡೇಟಾ ಇದೆ ಎಂದು ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಪ್ರೋಗ್ರಾಮ್‌ಗೆ ತಿಳಿಸಬೇಕು. 1983ರ 4.2 ಬಿಎಸ್‌ಡಿ ಎಂಬ ಯುನಿಕ್ಸ್‌ನಲ್ಲಿ ಇದನ್ನು ಕೇಳಲು ಇದ್ದ ಸೆಲೆಕ್ಟ್‌ಗೆ ಪ್ರತಿ ಸಲವೂ ಸಾಕೆಟ್‌ಗಳ ಇಡೀ ಪಟ್ಟಿಯನ್ನು ಒಪ್ಪಿಸಬೇಕಿತ್ತು. ಇದೇ ಕೆಲಸಕ್ಕೆ 2000ದಲ್ಲಿ ಫ್ರೀಬಿಎಸ್‌ಡಿಗೆ ಕೆಕ್ಯೂ, 2002ರಲ್ಲಿ ಲಿನಕ್ಸ್‌ಗೆ ಇಪೋಲ್ ಬಂದ ಮೇಲೆ ಆ ಪಟ್ಟಿ ಕರ್ನಲ್ ಒಳಗೇ ಉಳಿಯತೊಡಗಿತು.

ಈಗ ಒಂದು ಸಾಕೆಟ್‌ಗೆ 300 ಬೈಟ್ ಬಂತು ಅಂದುಕೊಳ್ಳಿ. ಪ್ರೋಗ್ರಾಮ್ 100 ಮಾತ್ರ ಓದಿ, ಮತ್ತೆ ಕರ್ನಲನ್ನು ಕೇಳುತ್ತದೆ. ಲೆವೆಲ್ ರೀತಿಯಲ್ಲಿ ಕರ್ನಲ್ ‘ಇನ್ನೂ ಇದೆ, ಓದು’ ಅನ್ನುತ್ತದೆ. ಉಳಿದ 200 ಬೈಟ್ ಖಾಲಿಯಾಗುವ ತನಕ ಪ್ರತಿ ಸಲವೂ ಹೀಗೇ ಹೇಳುತ್ತದೆ. ಇಪೋಲ್ ಸುಮ್ನೆ ಬಳಸಿದರೆ ಸಿಗುವುದು ಇದೇ. ಎಡ್ಜ್ ರೀತಿಯನ್ನು ಕೇಳಿ ಪಡೆಯಬೇಕು. ಅದರಲ್ಲಿ ಕರ್ನಲ್ ‘ಬಂತು’ ಎಂದು ಒಮ್ಮೆ ಹೇಳಿರುತ್ತದೆ. ಹೊಸದಾಗಿ ಏನಾದರೂ ಬರುವ ತನಕ ಮತ್ತೆ ಬಾಯಿ ಬಿಡುವುದಿಲ್ಲ. ಆ 200 ಬೈಟ್ ಅಲ್ಲೇ ಬಿದ್ದಿರುತ್ತದೆ. ಆ ಕಡೆಯವರು ಉತ್ತರಕ್ಕೆ ಕಾಯುತ್ತಾರೆ, ಈ ಕಡೆ ಪ್ರೋಗ್ರಾಮ್ ಸೂಚನೆಗೆ ಕಾಯುತ್ತದೆ. ಅದಕ್ಕೇ ‘ಇನ್ನೇನೂ ಇಲ್ಲ’ ಎಂಬ ಉತ್ತರ ಸಿಗುವವರೆಗೂ ಓದಲೇಬೇಕು.

ಲೆವೆಲ್, ಎಡ್ಜ್ ಎರಡೂ ಹಾರ್ಡ್‌ವೇರ್‌ನ ಮಾತುಗಳು. ತಂತಿಯಲ್ಲಿ ವೋಲ್ಟೇಜ್ ಮೇಲೆಯೇ ನಿಂತಿದೆಯಾ, ಅಥವಾ ಈಗತಾನೆ ಏರಿತಾ ಎನ್ನುವ ವ್ಯತ್ಯಾಸ ಅದು. ‘ಮಟ್ಟ-ಪ್ರಚೋದಿತ’, ‘ಅಂಚು-ಪ್ರಚೋದಿತ’ ಎಂದು ಬರೆದು ನೋಡಿದೆ. ವೋಲ್ಟೇಜ್ ಏರಿಳಿಯುವ ಅಲೆಯ ಚಿತ್ರವನ್ನೇ ನೋಡದವರಿಗೆ ‘ಅಂಚು’ ಏನನ್ನೂ ಹೇಳುವುದಿಲ್ಲ, ಅಲ್ವಾ?

ಆದರೆ ಮೇಲಿನ ಉದಾಹರಣೆ ಬರೆಯುವಾಗ ಒಂದು ಹೊಳೆಯಿತು. ನಮ್ಮ ಕ್ರಿಯಾಪದದಲ್ಲೇ ಈ ವ್ಯತ್ಯಾಸ ಇದೆ. ‘ಡೇಟಾ ಬಂದಿದೆ’ ಅಂದರೆ ಬಂದದ್ದು ಈಗಲೂ ಅಲ್ಲಿದೆ. ‘ಡೇಟಾ ಬಂತು’ ಅಂದರೆ ಬರುವ ಕೆಲಸ ನಡೆಯಿತು, ಅಷ್ಟೇ. ಈಗ ಇದೆಯೋ ಇಲ್ಲವೋ ಆ ಮಾತು ಹೇಳುವುದಿಲ್ಲ. ಇದನ್ನು ಕಂಡು ತುಂಬಾ ಖುಷಿಯಾಯಿತು. ಓದುವ ಕೆಲಸವನ್ನೇ ಕರ್ನಲ್‌ಗೆ ಒಪ್ಪಿಸುವ, 2019ರಲ್ಲಿ ಲಿನಕ್ಸ್ 5.1ರ ಜೊತೆ ಬಂದ ಐಒ ಯೂರಿಂಗ್‌ಗೂ ಇದು ಒಗ್ಗುತ್ತದೆ. ಇಪೋಲ್ ಹೇಳುವುದು ‘ಓದಬಹುದು’ ಎಂದು, ಯೂರಿಂಗ್ ಹೇಳುವುದು ‘ಓದಿ ಆಯ್ತು’ ಎಂದು.

ಪಾಠದಲ್ಲಿ ವಿವರಿಸಲು ಇಷ್ಟು ಸಾಕು. ಆದರೆ ತಲೆಬರಹಕ್ಕೆ, ಪಟ್ಟಿಗೆ ನಾಮಪದ ಬೇಕು. ‘ಇರವು ಸೂಚನೆ’, ‘ಬರವು ಸೂಚನೆ’ ಎಂದು ಯೋಚಿಸಿದ್ದೇನೆ. ಇರವು ಅಂದರೆ ಇರುವಿಕೆ, ಬರವು ಅಂದರೆ ಬರುವಿಕೆ. (‘ಅಧಿಸೂಚನೆ’ ನನಗೆ ಬೇಡ. ಅದು ಸರ್ಕಾರ ಹೊರಡಿಸುವಂಥದ್ದು. ‘ಘಟನೆ’ ಕೂಡ ಬೇಡ. ಲೆವೆಲ್ ರೀತಿಯಲ್ಲಿ ಕರ್ನಲ್ ತಿಳಿಸುವುದು ನಡೆದ ಸಂಗತಿಯನ್ನಲ್ಲ, ಇರುವ ಸ್ಥಿತಿಯನ್ನು.)

ತೊಡಕು ಇರುವುದು ಪ್ರೋಗ್ರಾಮ್ ಸಾಕೆಟ್‌ಗೆ ಡೇಟಾ ಬರೆಯುವ ಕಡೆ. ಸಾಕೆಟ್‌ನ ಬಫರ್ (ಕಳುಹಿಸಬೇಕಾದ ಡೇಟಾ ಕಾಯುವ ಜಾಗ) ತುಂಬಿದ್ದು, ಸ್ವಲ್ಪ ಜಾಗ ತೆರವಾದಾಗಲೂ ಎಡ್ಜ್ ಸೂಚನೆ ಬರುತ್ತದೆ. ಅಲ್ಲಿ ಬಂದದ್ದು ಏನೂ ಇಲ್ಲ, ಹೋದದ್ದೇ ಜಾಸ್ತಿ. ಅದನ್ನು ‘ಬರವು’ ಅನ್ನಬಹುದಾ? ‘ಸ್ಥಿತಿ ಸೂಚನೆ’, ‘ಬದಲಾವಣೆ ಸೂಚನೆ’ ಎಂದರೆ ಎರಡೂ ಕಡೆ ಹೊಂದುತ್ತದೆ. ಆದರೆ ‘ಬಂದಿದೆ–ಬಂತು’ ಕೊಡುವ ಬೆಳಕು ಅದರಲ್ಲಿಲ್ಲ. ‘ಆದುದು’, ‘ಆಗಿರುವುದು’ ಎಂಬ ಜೋಡಿಯಿಂದ ಚಿಕ್ಕದೊಂದು ಪದ ಕಟ್ಟಲು ಆಗುತ್ತದೆಯೇ? ‘ಬರವು’ ಎಂದು ಓದಿದ ಕೂಡಲೇ ನಿಮಗೆ ‘ಬರುವಿಕೆ’ ಹೊಳೆಯುತ್ತದೆಯೋ, ಮಳೆಯಿಲ್ಲದ ‘ಬರ’ ನೆನಪಾಗುತ್ತದೆಯೋ? ಅದನ್ನೂ ತಿಳಿಸಿ.