ಪದಚರ್ಚೆ: ‘ಪೆಲ್ವಿಕ್ ಫ್ಲೋರ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಬಸುರಿಯರಿಗೂ ಬಾಣಂತಿಯರಿಗೂ ಕೊಡಲೆಂದು ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇನೆ. ‘ಪೆಲ್ವಿಕ್ ಫ್ಲೋರ್’ ಎಂಬಲ್ಲಿಗೆ ಬಂದು ಕೈ ನಿಂತಿದೆ. ‘ಶ್ರೋಣಿತಳ’ ಎನ್ನಬಹುದು, ಆದರೆ ಅದು ತನ್ನ ಮೈಯಲ್ಲಿ ಎಲ್ಲಿದೆ ಎಂದು ಓದಿದವಳಿಗೆ ಹೊಳೆಯುವುದಿಲ್ಲ. ‘ವಸ್ತಿ’ ಎಂದರೆ ಮೂತ್ರಕೋಶವೋ ಕಿಬ್ಬೊಟ್ಟೆಯೋ ಎಂಬ ಗೊಂದಲ. ‘ತಳ’ ಎಂಬುದರ ಬಗ್ಗೆಯೂ ನನಗೆ ತಕರಾರಿದೆ. ಅದು ಸುಮ್ಮನೆ ಬಿದ್ದಿರುವ ನೆಲವಲ್ಲ. ಮುಂದಿನ ಜಘನಾಸ್ಥಿಯಿಂದ (ಕಿಬ್ಬೊಟ್ಟೆಯ ಕೆಳತುದಿಯ ಮೂಳೆ) ಹಿಂದಿನ ಬಾಲಮೂಳೆಯವರೆಗೆ ಜೋಲಿಯಂತೆ ಕಟ್ಟಿರುವ ಸ್ನಾಯುಗಳು. ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರನ್ನೂ ಹೊತ್ತಿವೆ. ಕೆಮ್ಮಿದರೆ ಬಿಗಿಯುತ್ತವೆ, ಮೂತ್ರಕ್ಕೆ ಕೂತರೆ ಸಡಿಲುತ್ತವೆ. ‘ಕಿಬ್ಬೊಟ್ಟೆಯ ಬುಡದ ಸ್ನಾಯು’ ಎಂದರೆ ಹೇಗೆ? ಉದ್ದವಾಯಿತು, ನಿಜ. ಆದರೆ ಕೇಳಿದೊಡನೆ ಜಾಗ ತಿಳಿಯುತ್ತದೆ.

ಇನ್ನು ‘ಇನ್‌ಕಾಂಟಿನೆನ್ಸ್’, ಅಂದರೆ ತಡೆಯಲಾಗದೆ ಮೂತ್ರ ಹೋಗಿಬಿಡುವುದು. ದಯವಿಟ್ಟು ಯಾರೂ ‘ಅಸಂಯಮ’ ಎನ್ನಬೇಡಿ. ಹೆತ್ತವಳ ಮೇಲೆ ತಪ್ಪು ಹೊರಿಸುವ ಮಾತದು. ಬಸಿರಿನಲ್ಲಿ ಭಾರ ದಿನೇ ದಿನೇ ಏರುತ್ತದೆ, ಹಾರ್ಮೋನುಗಳಿಂದ ಅಂಗಾಂಶ ಮೆದುವಾಗುತ್ತದೆ. ಹೆರಿಗೆಗೆ ಮುನ್ನವೇ ಹಲವರಿಗೆ ಸೋರತೊಡಗುತ್ತದೆ. ಸಿಸೇರಿಯನ್ ಆದವರಿಗೆ ಈ ತೊಂದರೆ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಸಹಜ ಹೆರಿಗೆಯಲ್ಲಿ ಮಗುವಿನ ತಲೆ ಹಾದುಬರುವಾಗ ಈ ಸ್ನಾಯುವಿನ ಒಳ ಅಂಚು ತನ್ನ ಉದ್ದದ ಸುಮಾರು 3 ಪಟ್ಟು ಹಿಗ್ಗಬಹುದೆಂದು ಕಂಪ್ಯೂಟರ್ ಮಾದರಿಗಳು ತೋರಿಸಿವೆ. ಕೆಲವೊಮ್ಮೆ ಮೂಳೆಗೆ ಅಂಟಿದ ಕಡೆಯೇ ಕಿತ್ತುಬರುತ್ತದೆ. ಫೋರ್‌ಸೆಪ್ಸ್ (ಮಗುವಿನ ತಲೆ ಹಿಡಿದು ಹೊರಗೆಳೆಯುವ ಇಕ್ಕಳ) ಬಳಸಿದರೆ ಆ ಅಪಾಯ ಹೆಚ್ಚು. ಅಲ್ಲಿನ ನರವೂ ಜಗ್ಗುತ್ತದೆ. ಇದರಲ್ಲಿ ಅವಳ ಸಂಯಮದ ಪ್ರಶ್ನೆ ಎಲ್ಲಿ ಬಂತು? ‘ಮೂತ್ರ ಸೋರಿಕೆ’ ಸಾಕು.

ಅದರ ಬಗೆಗಳಿಗೆ ಹೆಸರಿಡುವಾಗಲೂ ಎಚ್ಚರ ಬೇಕು. ‘ಸ್ಟ್ರೆಸ್ ಇನ್‌ಕಾಂಟಿನೆನ್ಸ್’ನ ‘ಸ್ಟ್ರೆಸ್’ ಎಂಬುದನ್ನು ‘ಒತ್ತಡ’ ಮಾಡಿದರೆ ಓದುವವರು ಮನಸ್ಸಿನ ಚಿಂತೆ ಎಂದುಕೊಳ್ಳುತ್ತಾರೆ. ಇಲ್ಲಿರುವುದು ಕೆಮ್ಮಿದಾಗ, ಸೀನಿದಾಗ, ನಕ್ಕಾಗ ಹೊಟ್ಟೆಯೊಳಗೆ ಬೀಳುವ ಒತ್ತಡ. ‘ಕೆಮ್ಮು-ಸೀನಿನ ಸೋರಿಕೆ’ ಎಂದರೆ ತಪ್ಪೇ? ತಡೆಯಲಾಗದೆ ಬಚ್ಚಲಿಗೆ ಓಡುವಷ್ಟರಲ್ಲಿ ಆಗಿಬಿಡುವುದಕ್ಕೆ ‘ಅವಸರದ ಸೋರಿಕೆ’.

ಈ ಸ್ನಾಯುಗಳಿಗಾಗಿ ಅಮೆರಿಕದ ವೈದ್ಯ ಕೆಗೆಲ್ 1948ರಲ್ಲಿ ಪ್ರಕಟಿಸಿದ ವ್ಯಾಯಾಮವನ್ನು ‘ಬಿಗಿಗೊಳಿಸುವ ವ್ಯಾಯಾಮ’ ಎನ್ನುವುದುಂಟು. ಅದು ಅರ್ಧ ಮಾತು. ಹೊಲಿಗೆ, ನೋವು ಇದ್ದವರಲ್ಲಿ ಸ್ನಾಯು ಸಡಿಲವಾಗುವ ಬದಲು ಸೆಟೆದುಕೊಂಡೇ ಇರಬಹುದು. ಅವರು ಮೊದಲು ಕಲಿಯಬೇಕಾದದ್ದು ಬಿಡುವುದನ್ನು. ಆದ್ದರಿಂದ ‘ಹಿಡಿದು ಬಿಡುವ ವ್ಯಾಯಾಮ’ ಎಂದು ಬರೆದಿದ್ದೇನೆ. ಗಾಳಿ ಹೋಗದಂತೆ ತಡೆಯುವಾಗ ಹೇಗೆ ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳುತ್ತೇವೋ ಹಾಗೆ ಹಿಡಿಯುವುದು, ಆಮೇಲೆ ಪೂರ್ತಿ ಬಿಡುವುದು, ಉಸಿರು ಕಟ್ಟದೆ. ಸರಿಯಾಗಿ ಹೇಳಿಕೊಡುವವರ ಬಳಿ ಕಲಿತು ಕನಿಷ್ಠ 3 ತಿಂಗಳು ಮಾಡಬೇಕು.

ಕೊನೆಯದು ‘ಪ್ರೊಲ್ಯಾಪ್ಸ್’, ಅಂದರೆ ಒಳಗಿನ ಅಂಗ ತನ್ನ ಜಾಗ ಬಿಟ್ಟು ಕೆಳಕ್ಕೆ ಇಳಿಯುವುದು. ‘ಗರ್ಭಕೋಶ ಜಾರಿದೆ’ ಎಂಬ ಮಾತು ಎಲ್ಲರಿಗೂ ಗೊತ್ತು. ಆದರೆ ಗರ್ಭಕೋಶ ಇದ್ದಲ್ಲೇ ಇದ್ದು ಮೂತ್ರಕೋಶವೋ ಗುದನಾಳವೋ ಯೋನಿಯೊಳಕ್ಕೆ ಉಬ್ಬಿಕೊಂಡು ಬರುವುದೂ ಉಂಟು. ಎಲ್ಲಕ್ಕೂ ಒಪ್ಪುವ ಮಾತು ಬೇಕು. ನಿಮ್ಮ ಮನೆಯ ಹಿರಿಯ ಹೆಂಗಸರು, ಸೂಲಗಿತ್ತಿಯರು ಈ ತೊಂದರೆಗಳಿಗೆ ಏನೆನ್ನುತ್ತಿದ್ದರು? ಅವರು ಆಡಿದಂತೆಯೇ, ತಿದ್ದದೆ ಬರೆದು ಕಳಿಸಿ. ಯಾವ ಸೀಮೆಯ ಮಾತೆಂದು ತಿಳಿಸಿದರೆ ಇನ್ನೂ ಒಳ್ಳೆಯದು.